ಇಳಿಗಲ್ಲಿನ ಮೇಲೆ ಅತ್ತಿಗೆ

ನಮ್ಮೂರಿನಲ್ಲಿ ಬೀರು ಎತ್ತುವ ಮೊದಲು ಅದರ ಯಜಮಾನನ ಬಾಯಿ ನೋಡಬೇಕು. ಹಗ್ಗ ಆಮೇಲೆ, ಸಿಂಬೆ ಆಮೇಲೆ. ಅವನು ಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, "ಬೀರು ತಲೆಮೇಲಿತ್ತು, ಈಗ ಹಿಂದೈತೆ" ಅನ್ನಬೇಕು. ಅಂದಮೇಲೆ ನಾವು ಒಂದು ಮೂಲೆಗೆ ಬೆರಳು ಕೊಟ್ಟು ಮೇಲಕ್ಕೆತ್ತಿ ನೋಡುತ್ತೇವೆ. ಮರದಷ್ಟೇ ಭಾರವಿದ್ದರೆ ಹೊರುತ್ತೇವೆ. ಮರಕ್ಕಿಂತ ಹೆಚ್ಚಿದ್ದರೆ ಹೋಗಿ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತೇವೆ. ಒಳಗೆ ಗಂಡಹೆಂಡಿರು ಕಿತ್ತಾಡಲಿ, ಅತ್ತುಕೊಳ್ಳಲಿ, ಯಾರ ಹೊಟ್ಟೆಯಲ್ಲಿ ಆ ಬೀರು ಇನ್ನೂ ಕೂತಿದೆ ಅಂತ ಅವರವರೇ ಹುಡುಕಿಕೊಳ್ಳಲಿ. ನಮಗೇನು. ಮಧ್ಯಾಹ್ನವಾಗುತ್ತದೆ, ಹೊಟ್ಟೆ ಹಸಿಯುತ್ತದೆ, ಯಾರೋ ಒಬ್ಬಳು ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದು, "ಈಗ ನೋಡ್ರಪ್ಪ" ಅನ್ನುತ್ತಾಳೆ. ಮತ್ತೆ ಬೆರಳು ಕೊಡುತ್ತೇವೆ. ಹೀಗೆ ಬೇರೆಯವರ ಹೊಟ್ಟೆ ಸಡಿಲವಾಗಲಿ ಅಂತ ಕಾದು ಕಾದು ನನ್ನ ಅರ್ಧ ವಯಸ್ಸು ಹೋಗಿದೆ.

ಊರೆಲ್ಲ ಮೆಟ್ಟಿಲು. ಕೆಳಕೇರಿಯಿಂದ ಮೇಲ್ಕೇರಿಗೆ ಗಾಡಿ ಹೋಗುವುದಿಲ್ಲ, ಕತ್ತೆ ಕೂಡ ಅರ್ಧಕ್ಕೆ ನಿಂತು ನಮ್ಮ ಮುಖ ನೋಡುತ್ತದೆ. ಎಲ್ಲವೂ ತಲೆಯ ಮೇಲೇ ಹೋಗಬೇಕು, ತಲೆಯ ಮೇಲೇ ಬರಬೇಕು. ಅದಕ್ಕೇ ಇರಬೇಕು, ಮಾತೂ ಹಾಗೇ ಬೆಳೆದಿದೆ. ನಿಮ್ಮ ಕಡೆ "ನನ್ನದು" ಅಂತ ಒಂದೇ ಮಾತು ಇದೆಯಂತೆ. ಚಪ್ಪಲಿಗೂ ಅದೇ, ಹೆತ್ತವಳಿಗೂ ಅದೇ, ಹಲ್ಲುನೋವಿಗೂ ಅದೇ. ಹೊರಗಿನಿಂದ ಬಂದ ಒಬ್ಬ ಮೇಷ್ಟ್ರು ನಮಗೆ ಹಾಗೇ ಪಾಠ ಮಾಡುತ್ತಿದ್ದರು. ಒಂದು ದಿನ ಖುಷಿಯಿಂದ, "ನನ್ನ ಹೆಂಡತಿ ಬಂದಿದ್ದಾಳೆ, ಇವತ್ತು ಬೇಗ ಬಿಡುತ್ತೇನೆ" ಅಂದರು. ಇಡೀ ಕ್ಲಾಸು, "ಎಲ್ಲವ್ರೆ ಸಾ? ತಲೆಮೇಲಾ, ಹಿಂದಾ?" ಅಂತು. ತಮಾಷೆಗಲ್ಲ, ಅರ್ಥವಾಗದೆ ಕೇಳಿದ್ದು. ಅವರು ಬೆತ್ತ ಮುರಿಯುವವರೆಗೆ ಬಾರಿಸಿದರು. ನಮ್ಮಲ್ಲಿ ಚಪ್ಪಲಿ ತಲೆಮೇಲೆ, ಕಾಲಿಗೆ ಮೆಟ್ಟಿಕೊಂಡಿದ್ದರೂ. ಮನೆ, ಎಮ್ಮೆ, ಗಂಡ, ಹೆಂಡತಿ, ಸೊಸೆ, ಚಾದಂಗಡಿಯಲ್ಲಿ ಎದುರಿಗಿಟ್ಟ ಲೋಟ, ಎಲ್ಲ ತಲೆಮೇಲೆ. ಕೈಕಾಲು, ಹಸಿವು, ಅವ್ವ, ಮಕ್ಕಳು, ಒಡಹುಟ್ಟಿದವರು ಒಳಗೆ. ಮಾರಿದ್ದು, ಸತ್ತದ್ದು, ಉದುರಿದ ಹಲ್ಲು, ಬಿಟ್ಟ ಹಟ ಹಿಂದೆ. ಇಷ್ಟೇ. ನಿಮಗೆ ತಿಳಿಯಲಿ ಅಂತ ಇಲ್ಲಿ "ನನ್ನ, ನನ್ನ" ಅಂತ ಬರೆಯುತ್ತಿದ್ದೇನೆ. ಪ್ರತಿಸಲ ಬರೆದಾಗಲೂ ಯಾರದೋ ಜೇಬಿಗೆ ಕೈ ಹಾಕಿದ ಹಾಗೆ ಆಗುತ್ತದೆ.

ಹಾಗಂತ ಇದರಿಂದ ಯಾರೂ ಸುಖವಾಗಿಲ್ಲ. ಕೂಸು ತಾಯಿಯ ಒಳಗಿರುವುದರಿಂದ ಪಕ್ಕದ ಮನೆಯವಳು ಆಸೆಗೆ ಎತ್ತಿಕೊಂಡರೆ ತೋಳು ಕಳಚಿಬೀಳುತ್ತದೆ. ತಾಯಿಗೆ ಮಾತ್ರ ಹತ್ತಿ. ಮಗಳ ಮದುವೆ ಗೊತ್ತಾದ ಮನೆಯಲ್ಲಿ ಅವ್ವಂದಿರು ದಿನಾ ಬೆಳಿಗ್ಗೆ ಎದ್ದು ಆ ಎತ್ತರದ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ಅಂಗಳದಲ್ಲಿ ಸುತ್ತುತ್ತಾರೆ, ಏದುಸಿರು ಬರುವವರೆಗೆ. ಏದುಸಿರು ಬಂತು ಅಂದರೆ ಮಗಳು ಒಳಗಿನಿಂದ ತಲೆಮೇಲಕ್ಕೆ ಬಂದಳು ಅಂತ. ಆಗಲೇ ಅವಳನ್ನು ಬೀದಿ ತಿರುವಿನಲ್ಲಿ ಹೊರೆ ಇಳಿಸುವ ಇಳಿಗಲ್ಲಿನ ಮೇಲೆ ಕೂರಿಸುವುದು. ಒಂದು ತಲೆಯಿಂದ ಇನ್ನೊಂದು ತಲೆಗೆ ನೇರವಾಗಿ ಏನನ್ನೂ ಕೊಡುವಂತಿಲ್ಲ. ಕಲ್ಲಿನ ಮೇಲೆ ಇಳಿಸಬೇಕು, ಅವರು ಕಲ್ಲಿನಿಂದ ಎತ್ತಿಕೊಳ್ಳಬೇಕು. ಹೊತ್ತು ಮುಳುಗುವುದರೊಳಗೆ ಎತ್ತಲಾಗದಿದ್ದರೆ ಇಳಿದು ವಾಪಸು ಮನೆಗೆ. ಅಂಥವಳು ಇನ್ನೊಂದು ಸಲ ಕಲ್ಲು ಹತ್ತುವಂತಿಲ್ಲ.

ನನ್ನಣ್ಣ ದ್ಯಾವಣ್ಣ ಸತ್ತದ್ದು ಬೀರುವಿನ ಕೆಳಗೆ. ಗಾಣದ ವೀರಣ್ಣನ ಮನೆಯ ತೇಗದ ಬೀರು. ಮೇಲ್ಕೇರಿಯ ಯಾರಿಗೋ ಮಾರಿದ್ದ. ಬಾಗಿಲಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿದ. ಬೆರಳು ಕೊಟ್ಟು ನೋಡಿದಾಗ ಮರದಷ್ಟೇ ಇತ್ತು. ಅಣ್ಣ ಹೊತ್ತು ಅರ್ಧ ಮೆಟ್ಟಿಲು ಹತ್ತಿದ್ದಾನೆ; ಕೆಳಗೆ ವೀರಣ್ಣ ಬೀರು ಇದ್ದ ಜಾಗದ ಖಾಲಿ ಗೋಡೆ ನೋಡಿದ್ದಾನೆ. ನೋಡಿ, ಅವನ ಹೆತ್ತವಳು ಆ ಬೀರುವಿನಲ್ಲಿ ಸೀರೆ ಮಡಿಸಿಡುತ್ತಿದ್ದುದು ನೆನಪಾಗಿದೆ. ಅಷ್ಟೇ. ಮೆಟ್ಟಿಲ ಮೇಲೆ ಬೀರು ಬಂಡೆಯಾಯಿತು. ಸದ್ದು ಕೇಳಿ ನಾನು ಸ್ಲೇಟು ಬಿಸಾಕಿ ಓಡಿದೆ. ಮೂರು ಜನ, ಆರು ಜನ ಎತ್ತಲು ನೋಡಿದರು, ಅಲ್ಲಾಡಲಿಲ್ಲ. ಕೊನೆಗೆ ವೀರಣ್ಣನೇ ಅಳುತ್ತ ಹತ್ತಿ ಬಂದ. ಬಂದವನು ಒಬ್ಬನೇ ಅದನ್ನು ತಲೆದಿಂಬಿನ ಹಾಗೆ ಎತ್ತಿ ಹೆಗಲ ಮೇಲೆ ಇಟ್ಟುಕೊಂಡ. ಊರೆಲ್ಲ ನೋಡಿತು. ಅವನ ಬಾಯಿ ಸರಿಯಾಗೇ ಹೇಳಿತ್ತು, ತಪ್ಪಿಲ್ಲ ಅಂದರು ಹಿರಿಯರು. ಅವತ್ತಿನಿಂದ ನಾನು ಅವನ ಜಗಲಿಯ ಮುಂದೆ ಹೋಗುವಾಗೆಲ್ಲ ಉಗುಳುತ್ತೇನೆ. ಅವನು ನೋಡಿಯೂ ನೋಡದವನಂತೆ ಕೂತಿರುತ್ತಾನೆ.

ಅಣ್ಣನ ಚಟ್ಟವನ್ನು ನಾನೂ ಅವ್ವನೂ ಇಬ್ಬರೇ ಹೊತ್ತೆವು. ನಾನು ಏಳನೇ ಕ್ಲಾಸಿನ ಪೀಚಲು, ಅವ್ವ ಒಂದು ಹಿಡಿ ಮೂಳೆ. ಭಾರವೇ ಇರಲಿಲ್ಲ. ಮಾರನೇ ದಿನ ನಾನು ಸ್ಕೂಲಿಗೆ ಹೋಗಲಿಲ್ಲ, ಅಣ್ಣನ ಸಿಂಬೆ ತಲೆಗಿಟ್ಟುಕೊಂಡು ಹೊರೆಯಾಳುಗಳ ಮೇಸ್ತ್ರಿ ಕಾಳಿಂಗಯ್ಯನ ಮುಂದೆ ಹೋಗಿ ನಿಂತೆ.

ಆ ಸಿಂಬೆ ಹೊಲಿದವಳು ಹೊಂಬಾಳತ್ತಿಗೆ, ಅಣ್ಣನ ಹೆಂಡತಿ. ಅವಳ ಕೈಯ ಸಿಂಬೆ ಅಂದರೆ ಕೆಳಕೇರಿಯಲ್ಲಿ ಹೆಸರು. ಹಳೇ ಸೀರೆ ಸೀಳಿ, ಒಳಗೆ ಹತ್ತಿ ಇಟ್ಟು, ಬಿಗಿಯಾಗಿ ಸುತ್ತಿ ಹೊಲಿದರೆ ನೆತ್ತಿಗೆ ಕೂತದ್ದೇ ಗೊತ್ತಾಗುತ್ತಿರಲಿಲ್ಲ. ಅಣ್ಣ ಹೋದಮೇಲೂ ಅವಳು ನಮ್ಮಲ್ಲೇ ಉಳಿದಳು. ಬೆಳಿಗ್ಗೆ ನನಗೆ ಮುದ್ದೆ ಇಕ್ಕುತ್ತಿದ್ದಳು, ಸಂಜೆ ಕುತ್ತಿಗೆಗೆ ಬಿಸಿ ಎಣ್ಣೆ ಹಚ್ಚುತ್ತಿದ್ದಳು, ಎಲ್ಲಾದರೂ ಹೊಡೆದಾಡಿ ಬಂದರೆ, "ಬಂದ್ಯಾ ಶೂರ, ಹಲ್ಲು ಎಣ್ಸು" ಅನ್ನುತ್ತಿದ್ದಳು. ನಾನು ಎಷ್ಟು ಸಲ ಹೊಡೆದಾಡಿದ್ದೇನೋ. ಸುಳ್ಳು ಹೇಳಿ ಹೊರೆ ಕೊಟ್ಟವರ ಮನೆ ಬಾಗಿಲು ಒದೆದಿದ್ದೇನೆ, ಮೇಸ್ತ್ರಿಯ ಮೇಲೆ ಕೂಗಾಡಿದ್ದೇನೆ, ಯಾರೂ ಸಿಗದಿದ್ದರೆ ನಮ್ಮ ಮನೆಯ ಬಾಗಿಲನ್ನೇ ಒದೆದಿದ್ದೇನೆ. ಸಿಟ್ಟು ಬರುತ್ತಿತ್ತು, ಬಂದು ಸುಸ್ತಾಗುತ್ತಿತ್ತು, ಸುಸ್ತಾಗಿದೆ ಅಂತ ಮತ್ತೆ ಸಿಟ್ಟು ಬರುತ್ತಿತ್ತು. ಅವಳು ಮನೆಯಲ್ಲಿದ್ದಾಳೆ ಅನ್ನುವುದೊಂದು ನನಗೆ ಗೋಡೆಯಂತೆ ಇತ್ತು. ಗೋಡೆಯನ್ನು ಯಾರಾದರೂ ದಿನಾ ನೋಡುತ್ತಾರೆಯೇ?

ಅವಳು ಹೋಗುವ ಸುದ್ದಿ ನನಗೆ ಚಾದಂಗಡಿಯಲ್ಲಿ ಸಿಕ್ಕಿತು. ಕಾಳಿಂಗಯ್ಯ ಮೇಸ್ತ್ರಿ ಲೋಟ ಊದುತ್ತ, "ಏನ್ಲಾ ಜವರ, ಇನ್ಮೇಲೆ ಮೆತ್ತಗಿನ ಹಾಸ್ಗೆ ಮೇಲೇ ಮಲಗೋದು ಅನ್ನು" ಅಂದ.

"ಯಾಕೆ?"

"ಹಾಸ್ಗೆ ಹೊಲಿಯೋನೇ ನೆಂಟ ಆಯ್ತಾವ್ನಲ್ಲ. ಮೇಲ್ಕೇರಿ ಸೋಮಣ್ಣ. ಅತ್ಗೆ ಹೇಳಿಲ್ವಾ?"

ಮೂರು ಜನ ನಕ್ಕರು. ಲೋಟ ಕುಕ್ಕಿ ಎದ್ದು ಬಂದೆ. ಅತ್ತಿಗೆ ಹೊಸಿಲ ಹತ್ತಿರ ಕೂತು ಸಿಂಬೆಗೆ ಹತ್ತಿ ತುರುಕುತ್ತಿದ್ದಳು. ಆ ಹತ್ತಿ ಎಲ್ಲಿಂದ ಬರುತ್ತಿತ್ತು ಅಂತ ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಸೋಮಣ್ಣ ಹಾಸಿಗೆ ಹೊಲಿದು ಉಳಿದ ಚೂರುಪಾರು.

"ದಿಟವಾ ಅತ್ಗೆ?"

"ದಿಟ."

"ಅವನಿಗೆ ಹಲ್ಲೂ ನೆಟ್ಟಗಿಲ್ಲ."

"ಹಲ್ಲು ನೋಡಿ ಕೊಳ್ಳಾಕೆ ಅವನೇನು ಎತ್ತಾ?"

"ಇಲ್ಲಿ ಏನು ಕಮ್ಮಿ ಆಗೈತೆ ನಿಂಗೆ?"

"ಏನೂ ಇಲ್ಲ."

"ಮತ್ತೆ?"

"ಕಮ್ಮಿ ಆದ್ರೇ ಹೋಗ್ಬೇಕಾ?" ಅಂದಳು, ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ. ನಾನು ಬಾಗಿಲು ಒದ್ದೆ. ಅವಳು ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟಳು. ಒಳಗಿನಿಂದ ಅವ್ವ, "ಸುಮ್ಕಿರ್ಲಾ, ನಾನೇ ಹೂಂ ಅಂದಿವ್ನಿ. ಅವಳೇನು ಒರಳುಕಲ್ಲಾ, ಇದ್ದಲ್ಲೇ ಇರಾಕೆ?" ಅಂದಳು.

ಇಳಿಸುವ ದಿನ ಬಿಸಿಲು ಚೆನ್ನಾಗಿ ಕಾದಿತ್ತು. ತಿರುವಿನ ಇಳಿಗಲ್ಲಿನ ಮೇಲೆ ಅರಿಶಿನದ ನೀರು ಹಾಕಿ ತೊಳೆದಿದ್ದರು. ಅವ್ವ ಅತ್ತಿಗೆಯನ್ನು ಹಿಂದೆಯಿಂದ ತಬ್ಬಿ ಒಂದು ಚೂರು ಎತ್ತಿದಂತೆ ಮಾಡಿ ಕಲ್ಲಿನ ಮೇಲೆ ಕೂರಿಸಿದಳು. ವಯಸ್ಸಾದವರಿಗೆ ಅಷ್ಟು ಸಾಕು. ಸೋಮಣ್ಣ ಹೊಸ ಪಂಚೆ ಉಟ್ಟು, ತಲೆಯಲ್ಲಿ ಒಂದೆರಡು ಹತ್ತಿ ಎಳೆ ಹಾಗೇ ಬಿಟ್ಟುಕೊಂಡು, ತನ್ನ ಚಿಕ್ಕಮ್ಮನ ಜೊತೆ ಬಂದಿದ್ದ. ಭಾರದ ವಿಷಯ ಆದ್ದರಿಂದ ನಡುವೆ ಕಾಳಿಂಗಯ್ಯ ಮೇಸ್ತ್ರಿ ನಿಂತಿದ್ದ. ನಾನು ಎದುರು ಮನೆಯ ಗೋಡೆಗೆ ಒರಗಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸೊಸೆ ಅತ್ತೆಯ ತಲೆಮೇಲೆ, ಮೈದುನನದೇನಿದೆ?

"ಸೊಸೆ ತಲೆಮೇಲಿದ್ಲು, ಈಗ ಹಿಂದವ್ಳೆ" ಅಂದಳು ಅವ್ವ. ದನಿ ನಡುಗಲಿಲ್ಲ.

ಸೋಮಣ್ಣ ಬಂದು ಅತ್ತಿಗೆಯ ಮೊಣಕಾಲ ಕೆಳಗೊಂದು ಕೈ, ಬೆನ್ನಿಗೊಂದು ಕೈ ಹಾಕಿ ಎತ್ತಿದ. ಏಳಲಿಲ್ಲ. ನಾಚಿಕೊಂಡು ನಕ್ಕು, ಅಂಗೈಗೆ ಮಣ್ಣು ಉಜ್ಜಿಕೊಂಡು, ಕಾಲು ಅಗಲಿಸಿ ನಿಂತು ಮತ್ತೆ ಎತ್ತಿದ. ಅವನ ಕುತ್ತಿಗೆಯ ನರ ಬಂತು, ಮುಖ ಕೆಂಪಾಯಿತು, ಅತ್ತಿಗೆ ಕಲ್ಲಿಗೆ ಕಲ್ಲಾಗಿ ಕೂತಿದ್ದಳು. ಮೇಸ್ತ್ರಿ ಅವಳ ಮೊಣಕೈ ಕೆಳಗೆ ಬೆರಳು ಕೊಟ್ಟು ನೋಡಿ ತಲೆಯಾಡಿಸಿದ. "ಯಾರೋ ಹಿಡ್ಕಂಡವ್ರೆ."

ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಮತ್ತೆ ಹೇಳಿದಳು. ಸೋಮಣ್ಣ ಮತ್ತೆ ಎತ್ತಿದ. ಇಲ್ಲ. ಅವ್ವ ಮತ್ತೆ ಹೇಳಿದಳು. ಬಿಸಿಲು ಕಲ್ಲಿನ ಈ ಕಡೆಯಿಂದ ಆ ಕಡೆಗೆ ಹೋಯಿತು. ಬಂದ ಜನ ನೆರಳು ನೋಡಿಕೊಂಡು ಕೂತರು, ಯಾರೋ ಮಜ್ಜಿಗೆ ತಂದು ಹಂಚಿದರು, ಅತ್ತಿಗೆಗೂ ಒಂದು ಲೋಟ ಕೊಟ್ಟರು. ಅವಳು ಕೂತಲ್ಲೇ ಕುಡಿದು ಲೋಟ ಪಕ್ಕಕ್ಕಿಟ್ಟಳು. ಅವ್ವನ ಗಂಟಲು ಒಡೆಯುತ್ತ ಬಂತು. ಹೇಳಿದ್ದನ್ನೇ ಹೇಳಿ ಹೇಳಿ ಕೊನೆಗೆ ಮಾತು ಬರೀ ಗಾಳಿಯಾಯಿತು.

"ಹೊಟ್ಟೆಯಿಂದ ಹೇಳು ತಾಯಕ್ಕ" ಅಂದ ಮೇಸ್ತ್ರಿ, ಬೇಸರದಿಂದ.

"ಹೊಟ್ಟೆಯಿಂದಲೇ ಹೇಳ್ತಾವ್ನಿ ಕಣಯ್ಯ. ಇನ್ನೇನು ಕುಯ್ದು ತೋರಿಸ್ಲಾ?"

ಸೋಮಣ್ಣನ ಚಿಕ್ಕಮ್ಮ ಸೆರಗು ಬೀಸಿಕೊಳ್ಳುತ್ತ, "ಬಾಯಲ್ಲಿ ಹೇಳಿದ್ರೆ ಆಗೋಯ್ತಾ? ಗಾಣದ ವೀರಣ್ಣನೂ ಬಾಯಲ್ಲಿ ಸರಿಯಾಗೇ ಹೇಳಿದ್ದ" ಅಂದಳು.

ಅವ್ವ ಅಲ್ಲೇ ಕುಸಿದು ಕೂತಳು. ನನಗೆ ಕಣ್ಣು ಕತ್ತಲಿಟ್ಟಿತು. ಮಗನನ್ನು ಕಳೆದುಕೊಂಡವಳನ್ನು, ಆ ಮಗನನ್ನು ಕೊಂದವನ ಜೊತೆಯಲ್ಲೇ ಹೋಲಿಸುವುದು! ಜನರನ್ನು ತಳ್ಳಿಕೊಂಡು ನಡುವೆ ಹೋದೆ. "ಹತ್ತಿ ಹಿಂಜೋ ಕೈಗೆ ಎಲ್ಲಿಂದ ಬರ್ಬೇಕು ಕಸುವು? ಎತ್ತಾಕೆ ಆಗ್ದೆ ಇರೋದು ಇವನಿಗೆ, ಅನ್ನಿಸ್ಕಳೋದು ಅವ್ವ! ಸರೀರಿ ಅತ್ಲಾಗೆ!" ಅಂತ ಸೋಮಣ್ಣನ ಎದೆಗೆ ಕೈ ಕೊಟ್ಟು ದೂಡಿದೆ. ಬಗ್ಗಿ ಅತ್ತಿಗೆಯನ್ನು ಎತ್ತಿದೆ.

ಬಂದುಬಿಟ್ಟಳು. ಒಂದು ಸಿಂಬೆಯಷ್ಟೂ ಭಾರವಿರಲಿಲ್ಲ. ಒಂದೇ ತೋಳಲ್ಲಿ ಹಿಡಿಯಬಹುದಿತ್ತು, ಹಿಡಿದೂ ತೋರಿಸಿದೆ. "ನೋಡ್ರಲಾ! ಇದಾ ನೀವು ಬೆಳಗಿಂದ ಎತ್ತಾಕಾಗ್ದೆ ಸಾಯ್ತಿದ್ದ ಭಾರ? ನೋಡ್ರಿ!" ಅಂತ ಸುತ್ತಲೂ ತಿರುಗಿದೆ.

ಚಿಕ್ಕಮ್ಮನ ಸೆರಗು ನಿಂತಿತ್ತು. ಮೇಸ್ತ್ರಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದು ಬಾಯಿ ಒರೆಸಿಕೊಂಡ. ಅವ್ವ ಕೂತಲ್ಲಿಂದಲೇ ನನ್ನನ್ನು ನೋಡಿದಳು. ಹಾಗೆ ಯಾವತ್ತೂ ನೋಡಿರಲಿಲ್ಲ. ಆಮೇಲೆ, ಎಲ್ಲರಿಗಿಂತ ಕೊನೆಗೆ, ನನಗೆ ತಿಳಿಯಿತು. ನನ್ನ ಕಣ್ಣ ಮುಂದೆ ಬಂದದ್ದು ಹೆಗಲ ಮೇಲೆ ಬೀರು ಇಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದ ವೀರಣ್ಣ.

"ಇಳ್ಸು ಜವರ" ಅಂದಳು ಅತ್ತಿಗೆ, ನನಗಷ್ಟೇ ಕೇಳುವ ಹಾಗೆ.

ಕಲ್ಲಿನ ಮೇಲೆ ಇಳಿಸಿದೆ. ಕಿವಿ ಬಿಸಿಯಾಗಿತ್ತು. "ಅತ್ಗೆ ತಲೆಮೇಲಿದ್ಲು, ಈಗ ಹಿಂದವ್ಳೆ" ಅಂದೆ. ಸೋಮಣ್ಣ ಬಂದು ಎತ್ತಿದ. ಅಲ್ಲಾಡಲಿಲ್ಲ. ಗಟ್ಟಿಯಾಗಿ ಹೇಳಿದೆ. ಇಲ್ಲ. ಕಿರುಚಿದೆ. ನಾಯಿ ಬೊಗಳಿತು, ಅಷ್ಟೇ. "ಹೇಳಿದ್ನಲ್ಲ! ಇನ್ನೇನು ಮಾಡ್ಬೇಕು? ಹೇಳಿದ್ನಲ್ಲ!" ಅಂತ ಕಲ್ಲಿಗೆ ಒದ್ದೆ. ನನ್ನ ಉಗುರು ಒಡೆಯಿತು. ನಾನು ಸುಳ್ಳು ಹೇಳುತ್ತಿರಲಿಲ್ಲ, ಬೇಕಾದರೆ ನಂಬಿ. ಹೋಗಲಿ ಅಂತಲೇ ಇತ್ತು. ಆದರೆ ಹೊಟ್ಟೆ ನನ್ನನ್ನು ಕೇಳಿಕೊಂಡು ಏನೂ ಮಾಡುವುದಿಲ್ಲ.

ಕಾಳಿಂಗಯ್ಯ ಮೇಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟ. "ಅವಳು ತಲೆಮೇಲೆ ಯಾವತ್ತಿದ್ಲಲಾ? ಒಳಗಿರೋದನ್ನ ನೆಟ್ಟಗೆ ಹಿಂದಕ್ಕೆ ಹಾಕಾಕೆ ಆಯ್ತದಾ? ಮೊದ್ಲು ತಲೆಮೇಲಕ್ಕೆ ತಗ. ಹೆಣ್ಣು ಹೆತ್ತೋರು ಮಾಡಲ್ವಾ? ಹೊತ್ಕೊಂಡು ಹತ್ತು. ಮೇಲ್ಕೇರೀಲೂ ಇಳಿಗಲ್ಲು ಐತೆ. ಭಾರ ಆದ್ರೆ ಅಲ್ಲಿ ಇಳ್ಸು, ಸೋಮಣ್ಣ ಎತ್ಕತಾನೆ. ಆಗ್ದೆ ಇದ್ರೆ..." ಅಂತ ಪಡುವಣ ಕಡೆ ನೋಡಿದ. ಹೊತ್ತು ಬಹಳ ಇರಲಿಲ್ಲ.

ಮುದುಕರನ್ನು ಮೆಟ್ಟಿಲು ಹತ್ತಿಸಲು ನಮ್ಮಲ್ಲಿ ಒಂದು ಬೆತ್ತದ ಕುರ್ಚಿ ಇದೆ. ಅದರ ಪಟ್ಟಿಯನ್ನು ನೆತ್ತಿಗೆ ಕೊಟ್ಟು ಬೆನ್ನ ಮೇಲೆ ಹೊರುವುದು. ಹೊತ್ತವನ ಮುಖ ಮೆಟ್ಟಿಲ ಕಡೆ, ಕೂತವರ ಮುಖ ಊರಿನ ಕಡೆ. ಅತ್ತಿಗೆ ಕೂತಳು. ಅವಳು ಹೊಲಿದ ಸಿಂಬೆಯನ್ನೇ ಪಟ್ಟಿಯ ಕೆಳಗೆ ಇಟ್ಟುಕೊಂಡು ಎದ್ದೆ. ಬೆನ್ನ ಮೇಲೆ ಬರೀ ಕುರ್ಚಿಯ ಭಾರ. ಸೋಮಣ್ಣ, ಅವನ ಚಿಕ್ಕಮ್ಮ, ಮೇಸ್ತ್ರಿ ಹಿಂದೆ ದೂರದಲ್ಲಿ ಬಂದರು. ಅವ್ವ ಬರಲಿಲ್ಲ, ಅವಳಿಗೆ ಏಳಲು ಆಗಲಿಲ್ಲ.

ಮೊದಲ ತಿರುವಿನವರೆಗೆ ಗಾಳಿಯಲ್ಲಿ ಹೋದ ಹಾಗೆ ಹೋದೆ. ಮೇಲೆ ಮುಟ್ಟಿದರೂ ಭಾರವೇ ಆಗದಿದ್ದರೆ ಅಂತ ನನಗೆ ಹೆದರಿಕೆಯಾಯಿತು.

"ಏನಾದ್ರೂ ಮಾತಾಡು ಅತ್ಗೆ."

"ಏನ್ ಮಾತಾಡ್ಲಿ?"

"ಏನಾದ್ರೂ. ಸೋಮಣ್ಣ ಏನಂದ? ಯಾಕೆ ಹೂಂ ಅಂದೆ?"

"ಹತ್ತಿ ತರಾಕೆ ಹೋಗಿದ್ದೆ. ಒಂದಿನ ಕೇಳ್ದ, ನಿಂಗೆ ದಿಂಬು ಎಷ್ಟು ಎತ್ತರ ಇರ್ಬೇಕು ಅಂತ. ಹೇಳಾಕೆ ಗೊತ್ತಾಗ್ಲಿಲ್ಲ. ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ. ಆಮೇಲೆ ದಿನಾ ಮಲಗಿದಾಗ ಯೋಚ್ನೆ ಮಾಡ್ತಿದ್ದೆ, ಎಷ್ಟು ಎತ್ತರ ಬೇಕು, ಎಷ್ಟು ಎತ್ತರ ಬೇಕು ಅಂತ."

"ಎಷ್ಟು ಬೇಕು?"

"ತೆಳ್ಳಗೆ. ಒಂಚೂರು."

ನೆತ್ತಿಯ ಮೇಲೆ ಸಿಂಬೆ ಕೂತದ್ದು ಗೊತ್ತಾಯಿತು. ಮೊದಲು ಗೊತ್ತಾಗಿರಲಿಲ್ಲ.

"ಹುರುಳಿಕಾಳು ಸಾರು ಕಂಡ್ರೆ ಆಗಾಕಿಲ್ಲ ನಂಗೆ" ಅಂದಳು, ಅವಳಷ್ಟಕ್ಕೆ ಅವಳು.

"ದಿನಬಿಟ್ಟು ದಿನ ಅದೇ ಮಾಡ್ತಿದ್ಯಲ್ಲ?"

"ನೀ ತಿಂತಿದ್ದೆ. ನಾನು ಮಜ್ಜಿಗೇಲಿ ಉಣ್ತಿದ್ದೆ. ನೀ ನೋಡಿಲ್ಲ."

ನೋಡಿರಲಿಲ್ಲ. ಮೆಟ್ಟಿಲು ಕಡಿದಾಗುತ್ತ ಬಂತು. ನನ್ನ ಮೀನಖಂಡ ಬಿಗಿಯಿತು. ಬೆನ್ನ ಮೇಲೆ ಒಂದು ಮೂಟೆ ಅವರೆಕಾಯಿಯಷ್ಟು ಬಂದಿತ್ತು. ಅವಳು ಈಗ ನಾನು ಕೇಳದೆಯೇ ಮಾತಾಡುತ್ತಿದ್ದಳು, ಕೆಳಗಿನ ಊರು ನೋಡಿಕೊಂಡು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಸಣ್ಣವಳಿದ್ದಾಗ ಕೋಲಾಟದಲ್ಲಿ ಮುಂದೆ ನಿಲ್ಲುತ್ತಿದ್ದಳಂತೆ. ಕತ್ತಲಲ್ಲಿ ಜಿರಲೆಗೆ ಹೆದರುತ್ತಾಳಂತೆ. ನನ್ನ ಕುತ್ತಿಗೆಗೆ ಎಣ್ಣೆ ಹಚ್ಚುವಾಗ ಅವಳ ಹೆಬ್ಬೆರಳ ಕೀಲು ನೋಯುತ್ತಿತ್ತಂತೆ, ಸೂಜಿ ಒತ್ತಿ ಒತ್ತಿ ಆದ ನೋವು.

"ನೀ ಬಾಗ್ಲು ಒದೀತಿದ್ಯಲ್ಲ" ಅಂದಳು. "ಮೆಟ್ಟಿಲ ಮೇಲೆ ಕಾಲ್ಸದ್ದು ಕೇಳಿದ್ರೇ ಗೊತ್ತಾಗೋದು, ಇವತ್ತು ಒದೀತಾನೆ ಅಂತ. ಕೈಲಿ ಏನಿದ್ರೂ ಕೆಳಗೆ ಇಟ್ಬಿಡ್ತಿದ್ದೆ. ಬೀಳ್ಸ್‌ಬಾರ್ದು ಅಂತ."

ನಾನು ನಿಂತೆ. "ಹೆದ್ರಿಕೆನಾ? ಒಂದಿನಾನೂ ನಿನ್ ಮೇಲೆ ಕೈ ಎತ್ತಿಲ್ಲ ನಾನು."

"ಎತ್ತಿಲ್ಲ."

"ಮತ್ತೆ?"

"ಹೆದ್ರಿಕೆ ಆಯ್ತಿತ್ತು. ಅಷ್ಟೇ. ನಡಿ, ಹೊತ್ತಾಯ್ತದೆ."

ಆ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಕಾಲೆತ್ತಲು ನಾನು ಗೋಡೆ ಹಿಡಿಯಬೇಕಾಯಿತು. ಪಟ್ಟಿ ನೆತ್ತಿಯನ್ನು ಒತ್ತುತ್ತಿತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ನಾವು ಅಣ್ಣ ಬಿದ್ದ ಜಾಗಕ್ಕೆ ಬಂದಿದ್ದೆವು. ಅಲ್ಲಿ ಮೆಟ್ಟಿಲಿನ ಅಂಚು ಇವತ್ತಿಗೂ ಮುರಿದಿದೆ. ಅವಳ ಬೆನ್ನು ಆ ಕಡೆ ಇತ್ತು, ಆದರೂ ಗೊತ್ತಾಯಿತು.

"ಅವತ್ತು ಚಟ್ಟಕ್ಕೆ ನಾನೂ ಕೈ ಹಾಕ್ದೆ ಜವರ. ಅಲ್ಲಾಡ್ಲಿಲ್ಲ. ನೀನೂ ಅತ್ತೆನೂ ಹೂವಿನಂಗೆ ಎತ್ಕೊಂಡು ಹೋದ್ರಿ. ನಾನು ಹಿಂದೆ ಬಂದೆ. ಊರೆಲ್ಲ ನೋಡ್ತು, ಇವಳಿಗೆ ಗಂಡ ಒಳಗಿರ್ಲಿಲ್ಲ, ಬರೀ ತಲೆಮೇಲಿದ್ದ ಅಂತ."

"ಹೆಂಡ್ತಿಗೆ ಗಂಡ ತಲೆಮೇಲೇ ಅಲ್ವಾ ಇರೋದು."

"ಹೂಂ. ಆದ್ರೂ ನೋಡ್ತಾರೆ." ಕುರ್ಚಿಯಲ್ಲಿ ಸರಿದು ಕೂತಳು. "ಎಷ್ಟೋ ದಿನ ನಾಚ್ಕೆ ಆಗ್ತಿತ್ತು. ಆಮೇಲೆ ಅನ್ನಿಸ್ತು, ಒಳಗಿರೋದಕ್ಕೆ ಏನು ಕಷ್ಟ? ಇರೋದೂ ಗೊತ್ತಾಗಾಕಿಲ್ಲ. ತಲೆಮೇಲಿರೋದು ದಿನಾ ಕುತ್ತಿಗೆ ನೋಯಿಸ್ತದೆ. ನೋಯ್ತಾ ಇದ್ರೂ ಇಳಿಸ್ದೆ ಇರ್ತೀವಲ್ಲ, ಅದಕ್ಕೇನೂ ಬೆಲೆ ಇಲ್ವಾ?"

ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಗ್ಗಿದೆ. ಒಂದೊಂದು ಮೆಟ್ಟಿಲಿಗೂ ನಿಂತು, ಕಾಲು ಊರಿ ಹತ್ತಿದೆ. ಇಷ್ಟು ವರ್ಷದಲ್ಲಿ ಬೀರು ಹೊತ್ತಿದ್ದೇನೆ, ಬೀಸುಕಲ್ಲು ಹೊತ್ತಿದ್ದೇನೆ, ತುಂಬಿದ ಉಪ್ಪಿನ ಮೂಟೆ ಹೊತ್ತಿದ್ದೇನೆ. ಜೀವವಿರುವ ಮನುಷ್ಯರನ್ನು ಹೊತ್ತಿರಲಿಲ್ಲ. ಅವಳು ಬೆನ್ನ ಮೇಲೆ ಅಲ್ಲಾಡಿದರೆ ನಾನು ಅಲ್ಲಾಡುತ್ತಿದ್ದೆ, ಅವಳು ಕೆಮ್ಮಿದರೆ ಪಟ್ಟಿ ಜಗ್ಗುತ್ತಿತ್ತು. ಸಿಟ್ಟು ಮಾಡಿಕೊಳ್ಳೋಣವೆಂದರೆ ಅದನ್ನು ಎತ್ತಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

ಮೇಲ್ಕೇರಿಯ ಇಳಿಗಲ್ಲಿಗೆ ಬರುವ ಹೊತ್ತಿಗೆ ಬಿಸಿಲು ಚಾವಣಿಗಳ ಮೇಲೆ ಮಾತ್ರ ಉಳಿದಿತ್ತು. ಹಿಂದಕ್ಕೆ ಸರಿದು, ಬಗ್ಗಿ, ಕುರ್ಚಿಯ ಕಾಲು ಕಲ್ಲಿಗೆ ತಾಗಿಸಿದೆ. ಪಟ್ಟಿ ತೆಗೆದಾಗ ತಲೆ ಕಳಚಿ ಹಾರಿಹೋಗುತ್ತದೇನೋ ಅನ್ನಿಸಿತು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಏದುಸಿರು ಬಿಡುತ್ತಿದ್ದೆ.

"ಅತ್ಗೆ..." ಅಂದೆ. ಉಸಿರು ಹಿಡಿದುಕೊಳ್ಳಬೇಕಾಯಿತು. "ಅತ್ಗೆ ತಲೆಮೇಲಿದ್ಲು. ಈಗ ಹಿಂದವ್ಳೆ."

ಸೋಮಣ್ಣ ಮುಂದೆ ಬಂದ. ಎತ್ತಿದ. "ಅಮ್ಮಾ" ಅಂತ ಒಂದು ಸದ್ದು ಬಂತು ಅವನ ಬಾಯಿಂದ. ಎದ್ದಳು. ಒಂದು ಹೆಜ್ಜೆ ಓಲಾಡಿದ, ಚಿಕ್ಕಮ್ಮ ಹಿಂದೆಯಿಂದ ಸೊಂಟ ಹಿಡಿದುಕೊಂಡಳು. "ಬೀಳ್ಸೀಯ ಕಣೋ, ಜ್ವಾಕೆ!" "ಬೀಳ್ಸಲ್ಲ ಸುಮ್ನಿರು ಚಿಕ್ಕವ್ವ, ಭಾರ ಐತೆ ಕಣೆ!" ಅಂತ ಅವನು ಹಲ್ಲು ಬಿಟ್ಟುಕೊಂಡು ನಗುತ್ತಲೇ ಹೊಸಿಲವರೆಗೆ ಏದುತ್ತ ಹೋದ. ಅತ್ತಿಗೆ ಅವನ ಕುತ್ತಿಗೆ ಹಿಡಿದುಕೊಂಡು ನನ್ನ ಕಡೆ ತಿರುಗಿ, "ಸಿಂಬೆ ಹೊಲಿಗೆ ಬಿಟ್ಟೈತೆ, ನಾಳೆ ತಂದ್ಕೊಡು" ಅಂದಳು. ಬಾಗಿಲು ಹಾಕಿಕೊಂಡಿತು.

ಖಾಲಿ ಕುರ್ಚಿ ಹೊತ್ತು ಒಬ್ಬನೇ ಇಳಿದೆ. ಕುತ್ತಿಗೆ ಒಂದು ಕಡೆಗೆ ತಿರುಗುತ್ತಿರಲಿಲ್ಲ. ಎಣ್ಣೆ ಹಚ್ಚಬೇಕು ಅಂತ ನೆನಪಾಯಿತು, ಆಮೇಲೆ ಅದನ್ನು ನಾನೇ ಬಿಸಿ ಮಾಡಿಕೊಳ್ಳಬೇಕು ಅಂತಲೂ.

ಗಾಣದ ವೀರಣ್ಣ ಎಂದಿನಂತೆ ಜಗಲಿಯ ಮೇಲೆ ಕೂತಿದ್ದ. ಅವನ ಹಿಂದೆ ತೆರೆದ ಬಾಗಿಲಲ್ಲಿ ಗೋಡೆಗೆ ಆನಿಸಿಟ್ಟ ಬೀರು ಕಾಣುತ್ತಿತ್ತು. ನನ್ನ ಕಾಲು ಅಲ್ಲಿ ತಾನಾಗೇ ನಿಧಾನವಾಗುತ್ತದೆ, ರೂಢಿ. ಅಣ್ಣ ಸತ್ತಮೇಲೆ ಮೊದಲ ಸಲ ಅವನು ನನ್ನ ಜೊತೆ ಮಾತಾಡಿದ.

"ಭಾರ ಆದ್ಲೇನಪ್ಪ?"

ಉತ್ತರ ಕೊಡಬಾರದು ಅಂತಿದ್ದೆ. "ಆದ್ಲು" ಅಂದುಬಿಟ್ಟೆ.

ಅವನು ತಲೆಯಾಡಿಸಿದ. ತನ್ನ ಅಂಗೈಗಳನ್ನೇ ನೋಡಿಕೊಂಡ. "ಬೀರೂನ ದಿನಾ ಬೆಳಿಗ್ಗೆ ಒಂದ್ಸಲ ಎತ್ತಿ ನೋಡ್ತೀನಿ" ಅಂದ. "ಇನ್ನೂ ಹತ್ತಿಯಂಗೇ ಐತೆ."

ನಾನು ಉಗುಳಲಿಲ್ಲ. ಅವನು ಹೀಗಂದ ಅಂತಲ್ಲ. ಅಷ್ಟು ಮೆಟ್ಟಿಲು ಹತ್ತಿ ಇಳಿದು ಬಾಯಿ ಒಣಗಿತ್ತು.